ಟ್ರ್ಯಾಕ್ ಡೇಯಲ್ಲಿ ಯಾರ ಜೊತೆ ಯಾರು? ಹಾರ್ಸ್‌ಪವರ್ ಮತ್ತು ಡ್ರೈವಿಂಗ್ ನೋಡಿ ಗುಂಪು ಮಾಡುವ ಸಮಗ್ರ ಮಾರ್ಗದರ್ಶಿ

ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಗಾಡಿಯನ್ನೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಬಂದ ಎರಡು ಗಾಡಿ ತಗೊಳ್ಳಿ. ಒಂದು ಮಾರುತಿ ಸ್ವಿಫ್ಟ್, 90 ಪಿಎಸ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಹಾರ್ಸ್‌ಪವರ್. ಇನ್ನೊಂದು ಬಿಎಂಡಬ್ಲ್ಯೂ ಎಂ340ಐ, ಶಕ್ತಿಯಲ್ಲಿ ಅದರ ನಾಲ್ಕು ಪಟ್ಟು. ಸ್ವಿಫ್ಟ್ ಓಡಿಸುವವರು ಟ್ರ್ಯಾಕ್‌ಗೆ ಹಳಬರು. ಬಿಎಂಡಬ್ಲ್ಯೂ ತಂದವರಿಗೆ ಇದೇ ಮೊದಲು. ಇಬ್ಬರೂ ಒಂದು ಸುತ್ತಿಗೆ 2 ನಿಮಿಷ 15 ಸೆಕೆಂಡ್ ತಗೊಳ್ಳುತ್ತಾರೆ ಅಂದುಕೊಳ್ಳೋಣ. ಹಾಳೆಯ ಮೇಲೆ ನೋಡಿದರೆ ಇಬ್ಬರೂ ಸಮ. ಒಂದೇ ಗುಂಪಿಗೆ ಹಾಕಿದರೆ ಆಯ್ತು, ಅಲ್ವಾ?

ಹಾಕಿ ನೋಡಿ. ತಿರುವಿನಲ್ಲಿ ಸ್ವಿಫ್ಟ್ ಬಂದು ಬಿಎಂಡಬ್ಲ್ಯೂ ಬಂಪರ್‌ಗೆ ಅಂಟಿಕೊಳ್ಳುತ್ತದೆ. ಸ್ಟ್ರೇಟ್, ಅಂದರೆ ನೇರ ಹಾದಿ, ಬಂದ ಕೂಡಲೇ ಬಿಎಂಡಬ್ಲ್ಯೂ ಚಿಮ್ಮಿ ಹೋಗುತ್ತದೆ. ಮುಂದಿನ ತಿರುವಿಗೆ ತುಂಬಾ ಬೇಗ ಬ್ರೇಕ್ ಹಾಕುತ್ತದೆ. ಮತ್ತೆ ಸ್ವಿಫ್ಟ್ ಬಂಪರ್ ಹಿಂದೆ. ಹೊಸಬರಿಗೆ ಕನ್ನಡಿಯಲ್ಲಿ ಗಾಡಿ ಕಂಡು ಗಾಬರಿ. ಹಳಬರಿಗೆ ದಾರಿ ಸಿಗದೆ ಸಿಟ್ಟು. ಎರಡು ಸುತ್ತಿನಲ್ಲಿ ಇವರ ಹಿಂದೆ ಇನ್ನೂ ನಾಲ್ಕು ಗಾಡಿ ಸೇರಿ ರೈಲು ಆಗುತ್ತದೆ. ಟ್ರ್ಯಾಕ್ ಡೇಗಳಲ್ಲಿ ಆಗುವ ಕಿರಿಕಿರಿ, ಎಡವಟ್ಟುಗಳಲ್ಲಿ ಎಷ್ಟೋ ಶುರುವಾಗುವುದು ಇಂಥ ಜೋಡಿಯಿಂದಲೇ.

ಲ್ಯಾಪ್ ಟೈಮ್ ಒಂದನ್ನೇ ನೋಡಿ ಗುಂಪು ಮಾಡಿದರೆ ಹೀಗಾಗುತ್ತದೆ. ಹಾರ್ಸ್‌ಪವರ್ ಒಂದನ್ನೇ ನೋಡಿದರೆ ಇನ್ನೂ ಕೆಟ್ಟದ್ದು. ಆಗ ಆ ಹೊಸಬರು ಪೋರ್ಷೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ನನ್ನ ಪ್ರಕಾರ ಕ್ರಮ ಹೀಗಿರಬೇಕು: ಮೊದಲು ಡ್ರೈವರ್, ಆಮೇಲೆ ಗಾಡಿಯ ಶಕ್ತಿ ಮತ್ತು ತೂಕ, ಕೊನೆಗೆ ಲ್ಯಾಪ್ ಟೈಮ್. ಲ್ಯಾಪ್ ಟೈಮ್ ಬೇಕಾಗುವುದು ಮಧ್ಯಾಹ್ನ ಗುಂಪು ಸರಿಪಡಿಸುವಾಗ ಮಾತ್ರ.

ಹೊಸಬರಿಗೆ ಒಂದು ಮಾತು. ಟ್ರ್ಯಾಕ್ ಡೇ ರೇಸ್ ಅಲ್ಲ. ಗೆಲ್ಲುವವರಿಲ್ಲ, ಕಪ್ ಇಲ್ಲ. ದುಡ್ಡು ಕೊಟ್ಟು, ನಮ್ಮ ರಸ್ತೆ ಗಾಡಿಯನ್ನೇ ಮುಚ್ಚಿದ ಟ್ರ್ಯಾಕ್‌ನಲ್ಲಿ ಓಡಿಸಿ ಬರುವುದು, ಅಷ್ಟೇ. ಬೆಂಗಳೂರಿನವರು ಹೆಚ್ಚಾಗಿ ಹೋಗುವುದು ಚೆನ್ನೈ ಹೈವೇಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುವ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ. 1990ರಲ್ಲಿ ಶುರುವಾದ ಇದಕ್ಕೆ ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುವ ಹೆಸರು. ಸುತ್ತಳತೆ 3.7 ಕಿ.ಮೀ., 12 ತಿರುವು. ಕೆಳಗಿನ ಲೆಕ್ಕಗಳನ್ನೆಲ್ಲ ಈ ಟ್ರ್ಯಾಕ್ ಇಟ್ಟುಕೊಂಡೇ ಮಾಡಿದ್ದೇನೆ. ಸ್ನೇಹಿತರ ಬಳಗಕ್ಕೋ ಕ್ಲಬ್‌ಗೋ ನೀವೇ ಒಂದು ದಿನ ಏರ್ಪಾಡು ಮಾಡುತ್ತಿದ್ದರೆ ಮುಂದೆ ಓದಿ.

ಹಂತ 1: ಟ್ರ್ಯಾಕ್ ಮೇಲೆ ಒಟ್ಟಿಗೆ ಎಷ್ಟು ಗಾಡಿ?

ಗುಂಪಿನ ಗಾತ್ರ ಮೊದಲು ತೀರ್ಮಾನವಾಗಲಿ. ಇಲ್ಲವಾದರೆ ಕೊನೇ ದಿನ ಯಾರೋ ಫೋನ್ ಮಾಡಿ "ಇನ್ನೊಂದು ಗಾಡಿ ಸೇರಿಸ್ಕೊಳ್ಳಿ ಗುರು" ಅಂತಾರೆ, ನೀವು ಹ್ಞೂಂ ಅಂತೀರಿ.

ಲೆಕ್ಕ ಸುಲಭ. 3.7 ಕಿ.ಮೀ. ಟ್ರ್ಯಾಕ್‌ನಲ್ಲಿ 14 ಗಾಡಿ ಬಿಟ್ಟರೆ ಒಂದೊಂದಕ್ಕೆ ಸುಮಾರು 260 ಮೀಟರ್ ಜಾಗ. ಸುತ್ತಿಗೆ 2 ನಿಮಿಷ 15 ಸೆಕೆಂಡ್ ಹಿಡಿದರೆ ಎರಡು ಗಾಡಿಗಳ ನಡುವೆ ಹತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ ಅಂತರ. ಇದು ಆರಾಮದ ಅಳತೆ. ಹೊಸಬರ ಗುಂಪಿಗೆ ನಾನು 12 ದಾಟಿಸುವುದಿಲ್ಲ. ಇದೇ ಅಳತೆಯಲ್ಲಿ ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಗೆ, ಅಂದರೆ 2.1 ಕಿ.ಮೀ.ಗೆ, 8 ಗಾಡಿ ಸಾಕು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.1 ಕಿ.ಮೀ. ಇದೆ, 19-20 ಹಿಡಿಸುತ್ತದೆ.

ಇನ್ನು ಸಮಯ. ಬೆಳಗ್ಗೆ 9ರಿಂದ ಸಂಜೆ 5, ನಡುವೆ ಊಟಕ್ಕೆ ಒಂದು ಗಂಟೆ. ಉಳಿದದ್ದು 7 ಗಂಟೆ. ಗಂಟೆಗೆ ಮೂರು ಗುಂಪು, ಒಂದೊಂದಕ್ಕೆ 20 ನಿಮಿಷ. ಅದರಲ್ಲಿ 15 ನಿಮಿಷ ಓಡಿಸುವುದು, 5 ನಿಮಿಷ ಒಳಗೆ ಬರುವುದಕ್ಕೆ, ಮುಂದಿನವರು ಹೊರಡುವುದಕ್ಕೆ. ಗಾಡಿ ಕೆಟ್ಟು ನಿಂತು, ಎಳೆದು ತಂದು ಹಾಳಾಗುವ ಸಮಯ ಕಳೆದರೆ ಒಬ್ಬೊಬ್ಬರಿಗೆ ಆರು ಸರದಿ ಸಿಗುತ್ತದೆ. 15 ನಿಮಿಷ ಕಮ್ಮಿ ಆಯ್ತು ಅಂತ ಬುಕ್ ಮಾಡುವಾಗ ಎಲ್ಲರೂ ಗೊಣಗುತ್ತಾರೆ. ಚೆನ್ನೈ ಬಿಸಿಲಿನಲ್ಲಿ ಶೋರೂಮ್ ಬ್ರೇಕ್ ಪ್ಯಾಡ್ ಇರುವ ಗಾಡಿಗೆ ಅಷ್ಟೇ ಜಾಸ್ತಿ. ಮೊದಲ ಸರದಿ ಮುಗಿಸಿ ಬಂದಾಗ ಚಕ್ರದ ಹತ್ತಿರ ಮೂಗು ತಂದರೆ ಬ್ರೇಕ್ ಸುಟ್ಟ ವಾಸನೆಯಿಂದಲೇ ಗೊತ್ತಾಗುತ್ತದೆ.

ಹಂತ 2: ಫಾರ್ಮ್‌ನಲ್ಲಿ ಏನು ಕೇಳಬೇಕು

"ನಿಮ್ಮ ಮಟ್ಟ ಯಾವುದು: ಹೊಸಬರು, ಸಾಧಾರಣ, ಪರಿಣತರು?" ಈ ಪ್ರಶ್ನೆ ದಯವಿಟ್ಟು ಬೇಡ. ಎಲ್ಲರೂ ನಡುವಿನದನ್ನೇ ಟಿಕ್ ಮಾಡುತ್ತಾರೆ. ಹೊಸಬರು ಅನ್ನಲು ನಾಚಿಕೆ, ಪರಿಣತರು ಅನ್ನಲು ಸಂಕೋಚ.

ಉತ್ತರದಲ್ಲೇ ಮಟ್ಟ ಗೊತ್ತಾಗುವಂಥ ಪ್ರಶ್ನೆ ಕೇಳಿ. ಯಾವ ಟ್ರ್ಯಾಕ್‌ನಲ್ಲಿ, ಯಾವ ಗಾಡಿಯಲ್ಲಿ, ಯಾವ ವರ್ಷ ಓಡಿಸಿದ್ದೀರಿ? ಪಕ್ಕದಲ್ಲಿ ತರಬೇತುದಾರರು ಕೂತಿದ್ದರಾ? ಈ ಟ್ರ್ಯಾಕ್‌ನಲ್ಲಿ ಮೇನ್ ಸ್ಟ್ರೇಟ್ ಮುಗಿಯುವಲ್ಲಿ ಬ್ರೇಕ್ ಎಲ್ಲಿ ಹಾಕುತ್ತೀರಿ, ಯಾವ ಗುರುತು ನೋಡಿ? ಬೇರೆ ಗಾಡಿಗೆ ದಾರಿ ಬಿಟ್ಟಿದ್ದೀರಾ, ಹೇಗೆ? ಬ್ರೇಕ್ ಗುರುತಿನ ಪ್ರಶ್ನೆ ಒಂದೇ ಅರ್ಧ ಕೆಲಸ ಮಾಡುತ್ತದೆ. ನಿಜಕ್ಕೂ ಓಡಿಸಿದವರು ಥಟ್ಟನೆ ಹೇಳುತ್ತಾರೆ. ಉಳಿದವರು "ಫೀಲ್ ಮೇಲೆ ಹಾಕ್ತೀನಿ" ಅಂತ ಬರೆಯುತ್ತಾರೆ.

ಹದಿನೈದು ವರ್ಷದ ಲೈಸೆನ್ಸ್ ಲೆಕ್ಕಕ್ಕಿಲ್ಲ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಎಷ್ಟು ಬೇಗ ಏರಿದ್ದೀರಿ ಅನ್ನುವುದಂತೂ ಮೈನಸ್ ಅಂಕ. ಗೋ-ಕಾರ್ಟಿಂಗ್ ಮಾಡಿದವರಿಗೆ ಲೈನ್, ಅಂದರೆ ತಿರುವು ಬೇಗ ದಾಟಲು ಹಿಡಿಯಬೇಕಾದ ದಾರಿ, ಗೊತ್ತಿರುತ್ತದೆ, ಆದರೆ ಸಂದು ಸಿಕ್ಕಲ್ಲೆಲ್ಲ ನುಗ್ಗುವ ಚಾಳಿಯೂ ಇರುತ್ತದೆ. ಸಿಮ್ಯುಲೇಟರ್ ಆಡುವವರಿಗೆ ಬಾವುಟ, ಬ್ರೇಕ್ ಗುರುತು ಎಲ್ಲ ಬಾಯಿಪಾಠ. ಭಯ ಮಾತ್ರ ಇನ್ನೂ ಬಂದಿರುವುದಿಲ್ಲ. ಈ ಎರಡೂ ಥರದವರು ಮೊದಲ ಸರದಿ ಹೊಸಬರ ಜೊತೆ ಓಡಿಸಲಿ. ಚೆನ್ನಾಗಿದ್ದರೆ ಅಲ್ಲಿಂದ ಬೇಗ ಮೇಲೆ ಹೋಗುತ್ತಾರೆ.

ಗಾಡಿಯ ಬಗ್ಗೆ ಕೇಳಬೇಕಾದ್ದು: ಮಾಡೆಲ್, ವರ್ಷ, ಕಂಪನಿ ಹೇಳಿದ ಪವರ್, ಟೈರ್ ಹೆಸರು, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯಾ. ಅದರ ಜೊತೆ ನೇರವಾಗಿ ಒಂದು ಪ್ರಶ್ನೆ: "ರೀಮ್ಯಾಪ್ ಮಾಡಿಸಿದ್ದೀರಾ?" ಟರ್ಬೊ ಗಾಡಿಗಳಲ್ಲಿ ಸಾಫ್ಟ್‌ವೇರ್ ಬದಲಿಸಿದರೆ 150 ಪಿಎಸ್ ಗಾಡಿ 180ರ ಆಸುಪಾಸಿಗೆ ಬರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ವಾರಂಟಿ ಭಯದಿಂದ ಕೆಲವರು ಹೇಳುವುದಿಲ್ಲ. ಗುಂಪು ಮಾಡೋಕೆ ಮಾತ್ರ ಕೇಳ್ತಿದ್ದೀವಿ ಅಂತ ಫಾರ್ಮ್‌ನಲ್ಲೇ ಬರೆಯಿರಿ.

ಇನ್ನೊಂದು ಸಣ್ಣ ವಿಷಯ, ದೊಡ್ಡ ದುಡ್ಡು. ನಮ್ಮ ಮಾಮೂಲಿ ಕಾರ್ ವಿಮೆಯ ಷರತ್ತಿನಲ್ಲಿ ರೇಸಿಂಗ್, ವೇಗ ಪರೀಕ್ಷೆ ಇವನ್ನು ಹೊರಗಿಟ್ಟಿರುತ್ತಾರೆ. ಬರುವವರಿಗೆ ಇದನ್ನು ಮೊದಲೇ ಹೇಳಿ.

ಹಂತ 3: ಡ್ರೈವರ್ ನೋಡಿ ಮೂರು ಗುಂಪು

ಹೊಸಬರು: ಟ್ರ್ಯಾಕ್ ಅನುಭವ ಇಲ್ಲದವರು, ಅಥವಾ ಎಲ್ಲೋ ಒಮ್ಮೆ ಬಂದು ವರ್ಷಗಟ್ಟಲೆ ಬಿಟ್ಟವರು. ನಡುವಿನವರು: ಲೈನ್ ಗೊತ್ತು, ಬಾವುಟ ಗೊತ್ತು, ಕನ್ನಡಿ ನೋಡುತ್ತಾರೆ, ಆದರೆ ಒಂದು ಸುತ್ತಿನ ಹಾಗೆ ಇನ್ನೊಂದು ಸುತ್ತು ಇರುವುದಿಲ್ಲ. ಪಳಗಿದವರು: ಸುತ್ತಿನ ಮೇಲೆ ಸುತ್ತು ಅದೇ ಜಾಗದಲ್ಲಿ ಬ್ರೇಕ್, ಅದೇ ಲೈನ್, ಪಕ್ಕದಲ್ಲಿ ಗಾಡಿ ಬಂದರೂ ಅಲುಗಾಡುವುದಿಲ್ಲ.

ವೇಗ ಅನ್ನುವ ಪದ ಇಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿ. ಪಳಗಿದವರ ಗುಂಪಿನಲ್ಲಿ ನಿಧಾನ ಗಾಡಿ ಇರಬಹುದು. ಆ ಡ್ರೈವರ್ ಮುಂದೆ ಏನು ಮಾಡುತ್ತಾರೆ ಅಂತ ಹಿಂದಿನವರಿಗೆ ಗೊತ್ತಾದರೆ ಸಾಕು, ವೇಗದ ವ್ಯತ್ಯಾಸ ಸುಧಾರಿಸಿಕೊಳ್ಳಬಹುದು. ಏನು ಮಾಡುತ್ತಾರೋ ಗೊತ್ತಿಲ್ಲದವರ ಹಿಂದೆ ಸಮ ವೇಗದಲ್ಲಿ ಹೋಗುವುದೇ ಅಪಾಯ.

ಅಮೆರಿಕದಲ್ಲಿ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ. ಎಲ್ಲರೂ ನಾಸಾ ಅನ್ನುತ್ತಾರೆ, ರಾಕೆಟ್ ಬಿಡುವ ನಾಸಾ ಅಲ್ಲ. ಅವರ ಕಲಿಕೆಯ ಕಾರ್ಯಕ್ರಮದಲ್ಲಿ 1ರಿಂದ 4ರವರೆಗೆ ಮೆಟ್ಟಿಲುಗಳಿವೆ. ಅಲ್ಲಿ ಮೆಟ್ಟಿಲು ಏರುವುದು ಡ್ರೈವರ್, ಗಾಡಿಯಲ್ಲ. ಅದೇ ಸಂಸ್ಥೆ ಗಡಿಯಾರ ಹಿಡಿದು ಸ್ಪರ್ಧೆ ನಡೆಸುವಾಗ ಮಾತ್ರ ತೂಕಕ್ಕೆ ಎಷ್ಟು ಹಾರ್ಸ್‌ಪವರ್ ಅಂತ ಅಳೆದು ವರ್ಗ ಮಾಡುತ್ತದೆ. ಕಲಿಯುವಾಗ ಡ್ರೈವರ್, ಸ್ಪರ್ಧಿಸುವಾಗ ಗಾಡಿ. ಟ್ರ್ಯಾಕ್ ಡೇ ಮೊದಲನೇ ಜಾತಿಗೆ ಸೇರಿದ್ದು. ಆದರೂ ನಮಗೆ ಎರಡನೆಯದು ಸ್ವಲ್ಪ ಬೇಕು, ಯಾಕೆ ಅಂತ ಈಗ ನೋಡೋಣ.

ಹಂತ 4: ಹಾರ್ಸ್‌ಪವರ್ ಲೆಕ್ಕ, ತೂಕದ ಜೊತೆ

ಬರೀ ಹಾರ್ಸ್‌ಪವರ್ ನೋಡಿ ಏನೂ ಹೇಳಲಾಗದು. ಡ್ರೈವರ್ ಕೂತ ಮೇಲಿನ ಒಟ್ಟು ತೂಕದಿಂದ ಭಾಗಿಸಿ. ಒಂದು ಟನ್‌ಗೆ ಎಷ್ಟು ಪಿಎಸ್ ಅನ್ನುವುದು ನಮ್ಮ ಅಳತೆ. ಡ್ರೈವರ್‌ಗೆ 75 ಕೆ.ಜಿ. ಹಿಡಿಯಿರಿ.

90 ಪಿಎಸ್ ಸ್ವಿಫ್ಟ್: ಟನ್‌ಗೆ ಸುಮಾರು 93. ಫೋಕ್ಸ್‌ವ್ಯಾಗನ್ ವರ್ಟಸ್ 1.5, 150 ಪಿಎಸ್: ಸುಮಾರು 113. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230: 155ರ ಹತ್ತಿರ. ಎಂ340ಐ: 205ರ ಹತ್ತಿರ. ಪೋರ್ಷೆ 911 ಜಿಟಿ3, 510 ಪಿಎಸ್: 340ರ ಹತ್ತಿರ. ಸ್ವಿಫ್ಟ್‌ಗೂ ಎಂ340ಐಗೂ ಹಾರ್ಸ್‌ಪವರ್‌ನಲ್ಲಿ ನಾಲ್ಕು ಪಟ್ಟು ಅಂತರ. ತೂಕ ಸೇರಿಸಿದರೆ ಎರಡು ಪಟ್ಟು ಚಿಲ್ಲರೆ ಮಾತ್ರ.

ಈಗ ಮುಖ್ಯ ಲೆಕ್ಕ. ಶಕ್ತಿ ಎರಡು ಪಟ್ಟಾದರೆ ಸ್ಟ್ರೇಟ್ ಕೊನೆಯಲ್ಲಿ ವೇಗವೂ ಎರಡು ಪಟ್ಟಾಗುತ್ತದಾ? ಇಲ್ಲ. ಒಂದೇ ತಿರುವಿನಿಂದ ಒಂದೇ ವೇಗದಲ್ಲಿ ಹೊರಬಂದರೆ, ವೇಗ ಹೆಚ್ಚುಕಡಿಮೆ ಶಕ್ತಿಯ ಘನಮೂಲದ ಹಾಗೆ ಏರುತ್ತದೆ. ಎರಡರ ಘನಮೂಲ 1.26. ಅಂದರೆ ಟನ್‌ಗೆ ಪಿಎಸ್ ದುಪ್ಪಟ್ಟಾದರೆ ಸ್ಟ್ರೇಟ್ ಕೊನೆಯ ವೇಗ ಕಾಲುಭಾಗದಷ್ಟು ಜಾಸ್ತಿ. ಸ್ವಿಫ್ಟ್ 150ರಲ್ಲಿ ಇದ್ದರೆ ದುಪ್ಪಟ್ಟು ಗಾಡಿ 185-190. ಗಾಳಿಯ ತಡೆ ಇದನ್ನು ಇನ್ನೂ ಸ್ವಲ್ಪ ಇಳಿಸುತ್ತದೆ.

ಗಂಟೆಗೆ 35-40 ಕಿ.ಮೀ. ವ್ಯತ್ಯಾಸ ಅಂದರೆ ಸೆಕೆಂಡಿಗೆ ಹತ್ತು ಮೀಟರ್. ಕನ್ನಡಿಯಲ್ಲಿ 50 ಮೀಟರ್ ಹಿಂದೆ ಕಂಡ ಗಾಡಿ ಐದು ಸೆಕೆಂಡಿನಲ್ಲಿ ಪಕ್ಕದಲ್ಲಿ. ಹೊಸಬರು ಎರಡು ಸಲ ಕನ್ನಡಿ ನೋಡುವ ನಡುವೆ ಅಷ್ಟು ಸಮಯ ಆಗಿರುತ್ತದೆ! ಅದಕ್ಕೇ ನಾನು ಇಟ್ಟುಕೊಂಡಿರುವ ಮಿತಿ ಇದು: ಒಂದು ಗುಂಪಿನಲ್ಲಿ ಟನ್‌ಗೆ ಅತಿ ಹೆಚ್ಚು ಪಿಎಸ್ ಇರುವ ಗಾಡಿ, ಅತಿ ಕಡಿಮೆ ಇರುವುದರ ಎರಡು ಪಟ್ಟಿನ ಆಸುಪಾಸಿನಲ್ಲೇ ಇರಬೇಕು. ಪಳಗಿದವರ ಗುಂಪಿನಲ್ಲಿ ಮೂರು ಪಟ್ಟಿನವರೆಗೂ ನಡೆಯುತ್ತದೆ, ಅವರು ಕನ್ನಡಿ ನೋಡುತ್ತಾರೆ.

ಬ್ರೇಕ್ ಬಗ್ಗೆಯೂ ಇದೇ ಜಾಗದಲ್ಲಿ ಯೋಚಿಸಬೇಕು. ಡ್ರೈವರ್ ಸೇರಿ 950 ಕೆ.ಜಿ. ಸ್ವಿಫ್ಟ್ 150ರಲ್ಲಿ ಬರುತ್ತದೆ, 1800 ಕೆ.ಜಿ. ಸೆಡಾನ್ 200ರಲ್ಲಿ ಬರುತ್ತದೆ. ನಿಲ್ಲಿಸಬೇಕಾದ ಚಲನಶಕ್ತಿ ಎರಡನೆಯದರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಅದೆಲ್ಲ ಬಿಸಿಯಾಗಿ ಡಿಸ್ಕ್‌ಗೆ ಹೋಗುತ್ತದೆ. ನಾಲ್ಕೈದು ಸುತ್ತು ಆದ ಮೇಲೆ ಪೆಡಲ್ ಮೆತ್ತಗಾಗುವುದು ಈ ಗಾಡಿಗಳಲ್ಲೇ. ದೊಡ್ಡ ಪವರ್‌ನ ಹೊಸಬರನ್ನು ವೇಗದ ಗುಂಪಿಗೆ ತಳ್ಳಬಾರದು ಅನ್ನುವುದಕ್ಕೆ ಇದೂ ಕಾರಣ. ಬ್ರೇಕ್ ಸೋಲುತ್ತಿದೆ ಅಂತ ಗುರುತಿಸಲು ಅವರಿಗೆ ಇನ್ನೂ ಬರುವುದಿಲ್ಲ.

ಟೈರ್ ಮರೆಯಬೇಡಿ. ಸೆಮಿ ಸ್ಲಿಕ್ (ಟ್ರ್ಯಾಕ್‌ಗೆಂದೇ ಮಾಡಿದ, ಹಿಡಿತ ಜಾಸ್ತಿ ಇರುವ ಟೈರ್) ಹಾಕಿದ, ಹಿಂದಿನ ಸೀಟು ಕಿತ್ತ ಹಳೇ ಹೋಂಡಾ ಸಿಟಿ ವಿಟೆಕ್ 106 ಹಾರ್ಸ್‌ಪವರ್‌ನ ಬಡಪಾಯಿ ಥರ ಕಾಣುತ್ತದೆ. ತಿರುವಿನಲ್ಲಿ ಅದು ಅರ್ಧ ಗುಂಪನ್ನು ತಿಂದುಹಾಕುತ್ತದೆ. ಅಂಥ ಗಾಡಿಗೆ ಲೆಕ್ಕದಲ್ಲಿ ಒಂದು ಮೆಟ್ಟಿಲು ಮೇಲೆ ಕೊಡಿ.

ಟ್ರ್ಯಾಕ್‌ನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಬುದ್ಧ್‌ನಲ್ಲಿ ಒಂದು ಕಿ.ಮೀ.ಗೂ ಉದ್ದದ ಸ್ಟ್ರೇಟ್ ಇದೆ, ಅಲ್ಲಿ ಪವರ್ ವ್ಯತ್ಯಾಸ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಎರಡು ಪಟ್ಟಿನ ಮಿತಿಯನ್ನು ಬಿಗಿ ಹಿಡಿಯಿರಿ. ಕರಿ ಚಿಕ್ಕದು, ಸ್ಟ್ರೇಟ್ ಗಿಡ್ಡ. ಅಲ್ಲಿ ಹಾರ್ಸ್‌ಪವರ್‌ಗಿಂತ ಡ್ರೈವರ್ ಮತ್ತು ಟೈರ್ ಮಾತಾಡುತ್ತವೆ.

ಹಂತ 5: ಎರಡನ್ನೂ ಸೇರಿಸಿ

ಒಂದು ಪಟ್ಟಿ ಮಾಡಿ ನೋಡೋಣ. ಆರು ಅರ್ಜಿ ಬಂದಿವೆ ಅಂದುಕೊಳ್ಳಿ.

ಎಂ340ಐ, ಮೊದಲ ಸಲ. ಹೊಸಬರ ಗುಂಪು, ಚರ್ಚೆ ಇಲ್ಲ.

ಸ್ವಿಫ್ಟ್, ಹಳಬರು. ನಡುವಿನವರ ಜೊತೆಗಾ, ಪಳಗಿದವರ ಜೊತೆಗಾ? ಪಳಗಿದವರಲ್ಲಿ ಜಿಟಿ3 ಇದ್ದರೆ ಅಂತರ ಮೂರೂವರೆ ಪಟ್ಟು. ಇವರಿಗೆ ಸ್ಟ್ರೇಟ್‌ನಲ್ಲೆಲ್ಲ ಎಡಕ್ಕೆ ಸರಿಯುವುದೇ ಕೆಲಸವಾಗುತ್ತದೆ. ನಾನಾದರೆ ನಡುವಿನವರ ಜೊತೆ ಹಾಕಿ, ಆ ಗುಂಪಿನಲ್ಲಿ ಮೊದಲು ಹೊರಡಲು ಬಿಡುತ್ತೇನೆ.

ವರ್ಟಸ್, ಎರಡು ಟ್ರ್ಯಾಕ್ ಡೇ ಆಗಿದೆ, ಬ್ರೇಕ್ ಗುರುತು ಸರಿಯಾಗಿ ಬರೆದಿದ್ದಾರೆ. ನಡುವಿನವರು.

ಆಕ್ಟೇವಿಯಾ ಆರ್‌ಎಸ್, ರೀಮ್ಯಾಪ್ ಆಗಿದೆ, ಹಲವು ವರ್ಷದ ಅಭ್ಯಾಸ. ಪಳಗಿದವರು.

ಸಿಟಿ ವಿಟೆಕ್, ಸೆಮಿ ಸ್ಲಿಕ್, ರ‍್ಯಾಲಿ ಓಡಿಸಿದವರು. ಪಳಗಿದವರು. ಹಾರ್ಸ್‌ಪವರ್ ನೋಡಿದರೆ ಇಲ್ಲಿ ಜಾಗವೇ ಇಲ್ಲ, ಆದರೆ ಟೈರ್, ಕೈ ಎರಡೂ ಇವೆ.

ಜಿಟಿ3, ಹಳಬರು. ಪಳಗಿದವರು. ಸಿಟಿಗೂ ಇದಕ್ಕೂ ಅಂತರ ಮೂರು ಪಟ್ಟು ದಾಟುತ್ತದೆ. ಇಬ್ಬರನ್ನೂ ಕರೆದು ಮಾತಾಡಿಸಿ. ಸಾಮಾನ್ಯವಾಗಿ ಈ ಇಬ್ಬರಿಗೇ ಜಗಳ ಇರುವುದಿಲ್ಲ.

ಹೊಸಬರಲ್ಲೇ ಜಿಟಿ3 ಬಂದರೆ? ಬರುತ್ತದೆ, ಬೆಂಗಳೂರಿನಲ್ಲಿ ದುಡ್ಡಿಗೆ ಬರವಿಲ್ಲ. ಹೊಸಬರ ಗುಂಪನ್ನು ಎರಡು ಸಾಲು ಮಾಡಿ. ಪ್ರತಿ ಸಾಲಿನ ಮುಂದೆ ಒಬ್ಬ ತರಬೇತುದಾರರ ಗಾಡಿ. ಪವರ್ ಜಾಸ್ತಿ ಇರುವ ಸಾಲು ಮೊದಲು, ಅರ್ಧ ಸುತ್ತು ಬಿಟ್ಟು ಚಿಕ್ಕ ಗಾಡಿಗಳ ಸಾಲು. ಮೊದಲ ಎರಡು ಸರದಿ ಓವರ್‌ಟೇಕ್ ಇಲ್ಲವೇ ಇಲ್ಲ, ಮುಂದಿನ ಗಾಡಿಯ ಲೈನ್ ನೋಡಿ ಕಲಿಯುವುದು.

ಒಟ್ಟು 15 ಗಾಡಿ ಮಾತ್ರ ಬಂದರೆ ಪವರ್ ಲೆಕ್ಕ ಬಿಟ್ಟುಬಿಡಿ. ಅನುಭವ ನೋಡಿ ಎರಡು ಗುಂಪು, ಅರ್ಧರ್ಧ ಗಂಟೆ. 40 ದಾಟಿದರೆ ನಾಲ್ಕನೇ ಗುಂಪು ಬೇಕು. ಆಗ ಪಳಗಿದವರನ್ನು ಪವರ್ ಮೇಲೆ ಎರಡು ಮಾಡಿ, ಹೊಸಬರನ್ನಲ್ಲ.

ಗುಂಪಿಗೆ ಹೆಸರಿಡುವಾಗ ಹುಷಾರು. ಕೆಂಪು, ಹಳದಿ, ನೀಲಿ ಬೇಡ, ಅವೆಲ್ಲ ಬಾವುಟದ ಬಣ್ಣ. ವಾಕಿಟಾಕಿಯಲ್ಲಿ "ಹಳದಿ" ಅಂತ ಕೇಳಿಸಿದರೆ ಮಾರ್ಷಲ್, ಅಂದರೆ ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವವರು, ಬಾವುಟ ಎತ್ತುತ್ತಾರೆ. ಸಿ1, ಸಿ2 ಅಂತಲೂ ಬೇಡ. ಇರುಂಗಾಟ್ಟುಕೋಟೈನಲ್ಲಿ ತಿರುವುಗಳನ್ನೇ ಹಾಗೆ ಕರೆಯುತ್ತಾರೆ. ಗಾಡಿ ನಂಬರಿನಲ್ಲೇ ಗುಂಪು ಇರಲಿ: ಹೊಸಬರು 101ರಿಂದ, ನಡುವಿನವರು 201ರಿಂದ, ಪಳಗಿದವರು 301ರಿಂದ. ಬಾಗಿಲಿಗೆ ಮಾಸ್ಕಿಂಗ್ ಟೇಪ್‌ನಲ್ಲಿ ದೊಡ್ಡದಾಗಿ. ತಪ್ಪು ಸರದಿಯಲ್ಲಿ ನುಸುಳಿದವರು ಪಿಟ್ ಲೇನ್ (ಟ್ರ್ಯಾಕ್‌ಗೆ ಹೋಗಿ ಬರುವ ಪಕ್ಕದ ದಾರಿ) ತುದಿಯಲ್ಲೇ ಸಿಕ್ಕಿಬೀಳುತ್ತಾರೆ.

ಹಂತ 6: ಗುಂಪಿಗೊಂದು ಓವರ್‌ಟೇಕ್ ನಿಯಮ

ಗುಂಪು ಎಷ್ಟೇ ಚೆನ್ನಾಗಿ ಮಾಡಿದರೂ ನಿಯಮ ಸಡಿಲವಾದರೆ ಎಲ್ಲ ವ್ಯರ್ಥ.

ಎಲ್ಲ ಗುಂಪಿಗೂ ಸಾಮಾನ್ಯ: ಮುಂದಿನವರು ಅನುಮತಿ ಕೊಡದೆ ಹಿಂದಿನವರು ಹೋಗುವಂತಿಲ್ಲ. ಬ್ರೇಕ್ ಗುರುತಿಗೆ ಮೊದಲೇ ಮುಗಿದಿರಬೇಕು. ಹೊಸಬರಿಗೆ ಎರಡು ಸ್ಟ್ರೇಟ್‌ನಲ್ಲಿ ಮಾತ್ರ ಅವಕಾಶ, ನಡುವಿನವರಿಗೆ ಎಲ್ಲ ಸ್ಟ್ರೇಟ್‌ನಲ್ಲೂ. ಪಳಗಿದವರಿಗೆ ಇನ್ನೂ ಸ್ವಲ್ಪ ಸಡಿಲ ಬಿಡಬಹುದು, ಆದರೆ ತಿರುವಿನ ಒಳಗೆ ನುಗ್ಗುವುದು ಯಾರಿಗೂ ಇಲ್ಲ.

ಅನುಮತಿ ಹೇಗೆ ಕೊಡುವುದು? ಇಂಡಿಕೇಟರ್ ಅನ್ನುವವರಿದ್ದಾರೆ. ನಮ್ಮ ಹೈವೇ ನೆನಪಿಸಿಕೊಳ್ಳಿ. ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ "ಹೋಗು" ಅಂತಲೂ ಆಗಬಹುದು, "ನಾನು ಬಲಕ್ಕೆ ಬರ್ತಿದ್ದೀನಿ" ಅಂತಲೂ ಆಗಬಹುದು. ಆ ಗೊಂದಲ ಟ್ರ್ಯಾಕ್‌ಗೆ ಬೇಡ. ನಮ್ಮ ಸ್ಟೀರಿಂಗ್ ಬಲಗಡೆ. ಹಾಗಾಗಿ ಸುಲಭದ ನಿಯಮ: ಎಲ್ಲ ಓವರ್‌ಟೇಕ್ ಬಲದಿಂದಲೇ. ದಾರಿ ಬಿಡುವವರು ಎಡಕ್ಕೆ ಉಳಿದು, ಬಲಗೈ ಕಿಟಕಿಯಿಂದ ಹೊರಗೆ ಚಾಚಿ ಮುಂದಕ್ಕೆ ತೋರಿಸಬೇಕು. ಒಂದು ಸಲ ತೋರಿಸಿದರೆ ಒಂದು ಗಾಡಿಗೆ. ಮೂರು ಗಾಡಿ ಇದ್ದರೆ ಮೂರು ಸಲ. ಅದಕ್ಕೆ ಡ್ರೈವರ್ ಕಡೆಯ ಗಾಜು ಇಡೀ ದಿನ ಇಳಿದಿರಬೇಕು. ಏಸಿ ಆಸೆ ಬಿಡಿ.

ಮೇಲೆ ಹೇಳಿದ ರೈಲಿಗೆ ಮದ್ದು ಇಲ್ಲಿದೆ. ಪವರ್ ಜಾಸ್ತಿ ಇರುವ ಗಾಡಿ ಕೈ ತೋರಿಸಿ, ಹಾಗೇ ಆಕ್ಸಿಲರೇಟರ್ ಒತ್ತುತ್ತಿದ್ದರೆ ಸ್ವಿಫ್ಟ್ ಹೇಗೆ ಮುಂದೆ ಹೋಗಬೇಕು? ಕೈ ತೋರಿಸಿದವರು ಕಾಲು ಎತ್ತಲೇಬೇಕು. ಬ್ರೇಕ್ ಮುಟ್ಟಬಾರದು, ಕಾಲು ಎತ್ತಿದರೆ ಸಾಕು. ಬ್ರೀಫಿಂಗ್‌ನಲ್ಲಿ ಒಂದೇ ಒಂದು ಮಾತು ಹೇಳಲು ಸಮಯ ಇದ್ದರೆ ಇದನ್ನೇ ಹೇಳಿ. ಬೇರೆ ಬೇರೆ ಪವರ್‌ನ ಗಾಡಿಗಳು ಒಂದೇ ಗುಂಪಿನಲ್ಲಿ ಬಾಳುವುದು ಈ ಒಂದು ನಿಯಮದ ಮೇಲೆ.

ಹಂತ 7: ಹೊರಡಿಸುವ ಕ್ರಮ

ಪ್ರತಿ ಗುಂಪಿನಲ್ಲಿ ಬೇಗ ಹೋಗುವವರು ಮೊದಲು, ಹತ್ತು ಸೆಕೆಂಡ್ ಅಂತರ. ಮೊದಲ ಸುತ್ತು ಟೈರ್ ಬಿಸಿ ಮಾಡಲು, ಕೊನೆಯ ಸುತ್ತು ಬ್ರೇಕ್ ತಣಿಸಲು, ಎರಡರಲ್ಲೂ ಓವರ್‌ಟೇಕ್ ಇಲ್ಲ. ಒಬ್ಬರ ಹಿಂದೆ ಸಿಕ್ಕಿಕೊಂಡು ದಾರಿ ಸಿಗದಿದ್ದರೆ ಪಿಟ್ ಲೇನ್‌ಗೆ ಬಂದು ಗ್ಯಾಪ್ ತಗೊಂಡು ಮತ್ತೆ ಹೋಗಿ. ಅರ್ಧ ನಿಮಿಷ ಹೋಗುತ್ತದೆ, ಸಿಟ್ಟು ತಪ್ಪುತ್ತದೆ.

ಹೊಸಬರ ಗುಂಪಿನಲ್ಲಿ ಫೋನಿನ ಲ್ಯಾಪ್ ಟೈಮರ್ ಬೇಡ. ಸಂಖ್ಯೆ ಕಂಡ ಕೂಡಲೇ ಕನ್ನಡಿ ನೋಡುವುದು ನಿಲ್ಲುತ್ತದೆ.

ಹಂತ 8: ಊಟದ ಹೊತ್ತಿಗೆ ಗುಂಪು ಅಳಿಸಿ ಬರೆಯಿರಿ

ಬೆಳಗಿನ ಪಟ್ಟಿ ಒಂದು ಅಂದಾಜು. ನಿಜವಾದ ಗುಂಪು ಮಧ್ಯಾಹ್ನ ಆಗುತ್ತದೆ. ಎರಡು ಸರದಿ ಆದ ಮೇಲೆ ಮೂರು ಕಡೆಯಿಂದ ಸುದ್ದಿ ತಗೊಳ್ಳಿ: ಮಾರ್ಷಲ್‌ಗಳು, ತರಬೇತುದಾರರು, ಪಿಟ್ ಲೇನ್‌ನಲ್ಲಿ ನಿಂತು ನೋಡಿದವರು. ಯಾರ ಹಿಂದೆ ಪದೇ ಪದೇ ರೈಲು? ಯಾರಿಗೆ ನೀಲಿ ಬಾವುಟ (ಹಿಂದೆ ಬೇಗದ ಗಾಡಿ ಇದೆ, ದಾರಿ ಬಿಡಿ ಅನ್ನುವ ಸೂಚನೆ) ಕಾಣುತ್ತಲೇ ಇಲ್ಲ? ಯಾರು ಎರಡು ಸಲ ಟ್ರ್ಯಾಕ್ ಬಿಟ್ಟು ಮಣ್ಣಿಗೆ ಹೋದರು?

ಲ್ಯಾಪ್ ಟೈಮ್ ಈಗ ನೋಡಿ, ಆದರೆ ಬಿಡಿಸಿ ನೋಡಿ. ರೇಸ್‌ಕ್ರೊನೊ ಥರದ ಆಪ್‌ನಲ್ಲಿ ವೇಗದ ಗೆರೆ ಸಿಗುತ್ತದೆ. ಎರಡು ಸಂಖ್ಯೆ ಸಾಕು: ಮೇನ್ ಸ್ಟ್ರೇಟ್ ಕೊನೆಯ ವೇಗ, ಮತ್ತು ಒಂದು ನಿಧಾನ ತಿರುವಿನ ನಡುವಿನ ವೇಗ. ಸ್ಟ್ರೇಟ್‌ನಲ್ಲಿ ಬೇಗ, ತಿರುವಿನಲ್ಲಿ ನಿಧಾನ ಅಂದರೆ ಗಾಡಿ ಕೆಲಸ ಮಾಡುತ್ತಿದೆ, ಡ್ರೈವರ್ ಇನ್ನೂ ಕಲಿಯುತ್ತಿದ್ದಾರೆ. ಸ್ಟ್ರೇಟ್‌ನಲ್ಲಿ ನಿಧಾನ, ತಿರುವಿನಲ್ಲಿ ಬೇಗ ಅಂದರೆ ಉಲ್ಟಾ. ಎರಡನೆಯವರು ಮೇಲಿನ ಗುಂಪಿಗೆ, ಒಟ್ಟು ಸಮಯ ಒಂದೇ ಇದ್ದರೂ. ಇದರ ಜೊತೆ ಸುತ್ತುಗಳ ನಡುವಿನ ಏರುಪೇರು ನೋಡಿ. ಐದು ಸುತ್ತು ಒಂದು ಸೆಕೆಂಡಿನ ಒಳಗೆ ಇದ್ದರೆ ಅವರು ಪಳಗಿದ್ದಾರೆ. ಒಂದು ಸುತ್ತು 2:10, ಮುಂದಿನದು 2:18 ಆದರೆ ಆ 2:10 ಅದೃಷ್ಟ.

ಕೆಳಗಿಳಿಸುವುದು ತಕ್ಷಣ, ಮೇಲೇರಿಸುವುದು ತರಬೇತುದಾರರು ಪಕ್ಕದಲ್ಲಿ ಕೂತು ನೋಡಿದ ಮೇಲೆ. ಇದು ಅದಲುಬದಲಾಗಬಾರದು.

ಕಷ್ಟ ಇರುವುದು ಮಾತಿನಲ್ಲಿ. ಕೋಟಿ ರೂಪಾಯಿ ಗಾಡಿ ತಂದವರಿಗೆ "ನೀವು ಸ್ವಿಫ್ಟ್‌ಗಳ ಜೊತೆ ಹೋಗಿ" ಅಂದರೆ ಮುಖ ಕೆಂಪಾಗುತ್ತದೆ. ಎಲ್ಲರ ಎದುರು ಹೇಳಬೇಡಿ. ಪಕ್ಕಕ್ಕೆ ಕರೆದು, "ಸಾರ್, ಈ ಗುಂಪಿನಲ್ಲಿ ನಿಮ್ಮ ಅರ್ಧ ಸರದಿ ಕನ್ನಡಿ ನೋಡೋದ್ರಲ್ಲೇ ಹೋಗ್ತಿದೆ. ಮೊದಲನೇ ಗುಂಪಿನಲ್ಲಿ ಟ್ರ್ಯಾಕ್ ಖಾಲಿ ಇದೆ, ಪಕ್ಕದಲ್ಲಿ ಒಬ್ಬರನ್ನ ಕೂರಿಸಿ ಕಳಿಸ್ತೀನಿ. ಎರಡು ಸರದಿ ಆದ್ಮೇಲೆ ಮತ್ತೆ ಮಾತಾಡೋಣ" ಅನ್ನಿ. ನಿಜವೂ ಅದೇ. ಟ್ರ್ಯಾಕ್ ಖಾಲಿ ಇದೆ ಅನ್ನುವ ಮಾತಿಗೆ ಬೇಡ ಅಂದವರನ್ನು ನಾನು ಕಂಡಿಲ್ಲ.

ಗುಂಪಿಗೆ ಸುಲಭವಾಗಿ ಬಗ್ಗದ ಗಾಡಿಗಳು

ಎಲೆಕ್ಟ್ರಿಕ್ ಗಾಡಿ: ತಿರುವಿನಿಂದ ಹೊರಬರುವಾಗ ಬಾಣದ ಹಾಗೆ, ಮೂರ್ನಾಲ್ಕು ಸುತ್ತು ಆದ ಮೇಲೆ ಬ್ಯಾಟರಿ ಬಿಸಿಯಾಗಿ ಪವರ್ ಇಳಿಯುತ್ತದೆ. ಅಂದರೆ ಒಂದೇ ಸರದಿಯಲ್ಲಿ ಗುಂಪಿನ ಮೇಲಿನಿಂದ ಕೆಳಕ್ಕೆ. ಸದ್ದೂ ಇಲ್ಲ, ಹಿಂದೆ ಬಂದದ್ದು ಗೊತ್ತಾಗುವುದಿಲ್ಲ. ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಟ್ರ್ಯಾಕ್ ಸಿಬ್ಬಂದಿಯನ್ನು ಮೊದಲೇ ಕೇಳಿ. ಅವರಿಗೆ ತಯಾರಿ ಇಲ್ಲದಿದ್ದರೆ ಬುಕಿಂಗ್ ತಗೊಳ್ಳಬೇಡಿ.

ಎಸ್‌ಯುವಿ: ಎತ್ತರ, ಭಾರ, ಹಿಂದಿನವರಿಗೆ ಮುಂದಿನದು ಕಾಣದು. ಎಷ್ಟೇ ಪವರ್ ಇರಲಿ, ಹೊಸಬರ ಗುಂಪಿನಲ್ಲಿ ಸಾಲಿನ ಕೊನೆಗೆ.

ಎಬಿಎಸ್ ಇಲ್ಲದ ಹಳೇ ಗಾಡಿಯ ಹಿಂದೆ ಭಾರದ ಗಾಡಿ ಬಿಡಬೇಡಿ. ರೋಲ್ ಕೇಜ್ (ಗಾಡಿ ಮಗುಚಿದರೆ ಕಾಪಾಡುವ ಒಳಗಿನ ಕಬ್ಬಿಣದ ಚೌಕಟ್ಟು) ಹಾಕಿದ ರೇಸ್ ಗಾಡಿ ಪಳಗಿದವರ ಗುಂಪಿನಲ್ಲಿ ಮಾತ್ರ. ಬೈಕ್‌ಗಳನ್ನು ಕಾರಿನ ಜೊತೆ ಯಾವ ಕಾರಣಕ್ಕೂ ಬಿಡಬೇಡಿ.

ಮಳೆ ಬಂದರೆ ಲೆಕ್ಕ ತಲೆಕೆಳಗು. ನೆಲಕ್ಕೆ ಹಿಡಿತ ಇಲ್ಲದಾಗ 400 ಪಿಎಸ್ ಇದ್ದು ಪ್ರಯೋಜನವಿಲ್ಲ, ಫೋರ್ ವೀಲ್ ಡ್ರೈವ್‌ಗೆ ಹಬ್ಬ, ಸವೆದ ಸೆಮಿ ಸ್ಲಿಕ್‌ಗೆ ಶನಿ. ಗುಂಪು ಹಾಗೇ ಇರಲಿ. ಗಾಡಿ ಸಂಖ್ಯೆಯನ್ನು ಅರ್ಧ ಮಾಡಿ, ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಹೋಗುವ ದೊಡ್ಡ ಗಾಡಿಗಳನ್ನು ಸಾಲಿನ ಹಿಂದಕ್ಕೆ ಕಳಿಸಿ.

ಸಂಜೆ ಮನೆಗೆ ಹೊರಡುವ ಮುಂಚೆ ಪಟ್ಟಿಯ ಮೇಲೆ ಹತ್ತು ನಿಮಿಷ ಕೂರಿ. ಪ್ರತಿ ಹೆಸರಿನ ಮುಂದೆ ಬೆಳಗಿನ ಗುಂಪು, ಸಂಜೆಯ ಗುಂಪು, ಗಾಡಿ, ಟೈರ್, ತರಬೇತುದಾರರ ಒಂದು ಸಾಲು. "ಕನ್ನಡಿ ನೋಡುತ್ತಾರೆ, ಬ್ರೇಕ್ ತುಂಬಾ ಬೇಗ" ಅಷ್ಟಾದರೂ ಸಾಕು. ಮುಂದಿನ ಸಲ ಅದೇ ವ್ಯಕ್ತಿ ಬೇರೆ ಗಾಡಿ ತಂದರೆ ಡ್ರೈವರ್ ಕಾಲಂ ಹಾಗೇ ಇಟ್ಟು, ಟನ್‌ಗೆ ಪಿಎಸ್ ಕಾಲಂ ಮಾತ್ರ ಬದಲಿಸಿ. ಪವರ್ ದುಪ್ಪಟ್ಟಾಗಿದ್ದರೆ ಮೊದಲ ಸರದಿಗೆ ಒಂದು ಗುಂಪು ಕೆಳಗಿನಿಂದ ಶುರು ಮಾಡಿಸಿ.